ಮೈಕಿನೆದುರು ಮೂಕ ಸಭೆ

ಊರಿಗೆ ಒಂದು ನಾಟಕ ಬಂದರೆ ಅದಕ್ಕೊಂದು ವಿಮರ್ಶೆ ಬರುತ್ತದೆ. ರಂಗಸಜ್ಜಿಕೆ ಹೇಗಿತ್ತು, ಬೆಳಕು ಯಾರ ಮೇಲೆ ಬಿತ್ತು, ಹಾಡು ಕಥೆಯನ್ನು ಎತ್ತಿತೋ ಮುಳುಗಿಸಿತೋ ಎಂದು ಯಾರಾದರೂ ಕೂತು ಬರೆಯುತ್ತಾರೆ. ಸಾವಿರಾರು ಜನ ಸೇರುವ ಕ್ರೈಸ್ತ ಆರಾಧನಾ ಸಮ್ಮೇಳನಕ್ಕೆ ಮಾತ್ರ ಈ ಭಾಗ್ಯ ಇಲ್ಲ. ಅದರ ಬಗ್ಗೆ ಬರುವ ಬರಹ ಎರಡೇ ಬಗೆ. ಸಂಘಟಕರು ಬರೆದರೆ ಎಷ್ಟು ಜನ ಬಂದರು, ಎಷ್ಟು ಜನಕ್ಕೆ ರೋಗ ವಾಸಿಯಾಯಿತು ಎಂಬ ಲೆಕ್ಕ. ವಿರೋಧಿಗಳು ಬರೆದರೆ ಹಣ ಎಲ್ಲಿಂದ ಬಂತು, ಎಷ್ಟು ಜನ ಮತ ಬದಲಿಸಿದರು ಎಂಬ ಲೆಕ್ಕ. 2005ರ ಜನವರಿಯಲ್ಲಿ ಬೆನ್ನಿ ಹಿನ್ ಬೆಂಗಳೂರಿನ ಜಕ್ಕೂರು ವಾಯುನೆಲೆಯ ಮೈದಾನದಲ್ಲಿ ಮೂರು ದಿನ ಪ್ರಾರ್ಥನಾ ಕೂಟ ನಡೆಸಿದಾಗ ಎದ್ದ ಗದ್ದಲದಲ್ಲೂ ಇದ್ದದ್ದು ಈ ಎರಡು ಲೆಕ್ಕಗಳೇ. ಅಲ್ಲಿ ಏನು ಹಾಡಿದರು, ಬಂದ ಜನ ಹಾಡಿದರೋ ಬರೀ ಕೇಳಿದರೋ ಎಂದು ಬರೆದದ್ದನ್ನು ನಾನು ಓದಿದ ನೆನಪಿಲ್ಲ.

ನಾನು ಚಳ್ಳಕೆರೆಯ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಪ್ರಾಣಿ. ಸುವಾರ್ತಾ ಸೇವೆಗೆಂದು ಪಶ್ಚಿಮ ನೇಪಾಳದ ಒಂದು ಬೆಟ್ಟದೂರಿನಲ್ಲಿ ಕೆಲವು ವರ್ಷ ಇದ್ದೆ. ವಾಪಸು ಬಂದ ಮೇಲೆ ನಮ್ಮ ಸಭೆಯವರೊಂದಿಗೆ, ಮೊಳಕಾಲ್ಮುರಿನ ಕೆಲವು ಕುಟುಂಬಗಳನ್ನೂ ಸೇರಿಸಿಕೊಂಡು, ಬೆಂಗಳೂರಿನ ಒಂದು ದೊಡ್ಡ ಸಮ್ಮೇಳನಕ್ಕೆ ಹೋಗಿದ್ದೆ. ಅದರ ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಹೊಸ ವರ್ಷದ್ದಾಗಲಿ, ದಸರಾ ರಜೆಯದ್ದಾಗಲಿ, ಈ ಸಮ್ಮೇಳನಗಳೆಲ್ಲ ಈಗ ಒಂದೇ ಅಚ್ಚಿನವು. ನನ್ನ ತಕರಾರು ಆ ಅಚ್ಚಿನ ಮೇಲೆ.

ತಕರಾರಿಗೆ ಮೊದಲು ಅಲ್ಲಿಗೆ ಹೋಗುವವರ ವಿಷಯ ಹೇಳಬೇಕು. ಜನಗಣತಿಯ ಪ್ರಕಾರ ಚಿತ್ರದುರ್ಗ ಜಿಲ್ಲೆಯಲ್ಲಿ ಕ್ರೈಸ್ತರು ಶೇಕಡಾ ಒಂದಕ್ಕಿಂತ ಕಡಿಮೆ. ಗಣತಿಗೆ ಸಿಗದವರೂ ಇದ್ದಾರೆ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ಉಳಿಯುವುದಿಲ್ಲ. ಹಾಗಾಗಿ ಭಾನುವಾರ ತಪ್ಪದೆ ಸಭೆಗೆ ಬರುವ ಎಷ್ಟೋ ಮನೆಗಳ ಕಾಗದಪತ್ರ ಧರ್ಮದ ಕಾಲಮ್ಮಿನಲ್ಲಿ ಬೇರೆಯೇ ಹೇಳುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆಯ ಬಾಡಿಗೆ ಮಳಿಗೆ, ಮೊಳಕಾಲ್ಮುರಿನಲ್ಲಿ ರೇಷ್ಮೆ ಮಗ್ಗದ ಮನೆಯೊಂದರ ಹಿಂದಿನ ಕೋಣೆ, ಹೊಸ ಸಭೆಗಳು ಕೂಡುವುದು ಇಂಥ ಕಡೆ. 2021ರ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದರು. ಮರುವರ್ಷ ಮತಾಂತರ ತಡೆಯುವ ಕಾಯ್ದೆ ಬಂತು. 2023ರಲ್ಲಿ ಬಂದ ಸರ್ಕಾರ ಅದನ್ನು ರದ್ದು ಮಾಡುವುದಾಗಿ ಸಂಪುಟದಲ್ಲಿ ತೀರ್ಮಾನಿಸಿತು. ಆ ದಿನಗಳಲ್ಲಿ ನಾನು ಇಲ್ಲಿರಲಿಲ್ಲ. ಇದ್ದವರು ಹೇಳುತ್ತಾರೆ, ಕಿಟಕಿ ಮುಚ್ಚಿ ಹಾಡುತ್ತಿದ್ದೆವು ಎಂದು.

ಅಂಥ ಕೋಣೆಯಿಂದ ರಾತ್ರಿ ಬಸ್ಸು ಹತ್ತಿ ಬಂದ ಹೆಂಗಸೊಬ್ಬಳು ಬೆಳಗ್ಗೆ ಸಾವಿರಾರು ಜನರ ನಡುವೆ ನಿಂತು ಯೇಸುವಿನ ಹೆಸರನ್ನು ಗಂಟಲು ಬಿಟ್ಟು ಕೂಗುತ್ತಾಳೆ. ಪಕ್ಕದ ಮನೆಯವರು ಏನಂದಾರು ಎಂಬ ಭಯ ಮೂರು ದಿನ ಇರುವುದಿಲ್ಲ. ನಾವು ಇಷ್ಟೊಂದು ಜನ ಇದ್ದೀವಾ ಎಂದು ನಮ್ಮ ಗುಂಪಿನ ಒಬ್ಬ ಅಜ್ಜಿ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದರು. ದೊಡ್ಡ ಸಮ್ಮೇಳನ ಕೊಡುವ ನಿಜವಾದ ಕೊಡುಗೆ ಇದು. ವೇದಿಕೆಯ ಮೇಲಿನವರು ಏನೇ ಮಾಡಲಿ ಬಿಡಲಿ, ಈ ಕೊಡುಗೆಯನ್ನು ಅಲ್ಲಿಗೆ ತಂದವರು ಬಂದ ಜನ. ನಗರದ ದೊಡ್ಡ ಸಭೆಗಳಲ್ಲಿ ಬೆಳೆದವರು ಇದನ್ನು ಭಾವಾವೇಶ ಎಂದು ಸುಲಭವಾಗಿ ತಳ್ಳಿಬಿಡುತ್ತಾರೆ. ಅವರೊಮ್ಮೆ ಆ ಮಗ್ಗದ ಕೋಣೆಯಲ್ಲಿ ಕೂತು ಬರಬೇಕು.

ಇನ್ನು ವೇದಿಕೆ. ಕಪ್ಪು ಪರದೆ, ಅದರ ಮುಂದೆ ಗೋಡೆಯಗಲದ ಎಲ್‌ಇಡಿ, ಅದರಲ್ಲಿ ಮೋಡ, ಹಿಮದ ಬೆಟ್ಟ, ಸೂರ್ಯೋದಯ. ಹೊಗೆ ಬಿಡುವ ಯಂತ್ರ. ಜನ ಕೂತ ಕಡೆ ಕತ್ತಲು, ಹಾಡುವವರ ಕಡೆ ಬೆಳಕು. ಹಾಡು ಮೆಲ್ಲಗೆ ಶುರುವಾಗುತ್ತದೆ, ಒಂದು ಗಿಟಾರ್, ಒಂದು ದನಿ. ಎರಡನೇ ಸುತ್ತಿಗೆ ಕೀಬೋರ್ಡ್ ಸೇರುತ್ತದೆ, ಮೂರನೆಯದಕ್ಕೆ ಡ್ರಮ್. ಒಂದು ಸಾಲನ್ನು ಎಂಟು ಹತ್ತು ಸಲ ತಿರುಗಿಸಿ ತಿರುಗಿಸಿ ಏರಿಸಿ, ಒಮ್ಮೆಲೆ ಎಲ್ಲ ವಾದ್ಯ ನಿಲ್ಲಿಸಿ, ಮತ್ತೆ ಒಟ್ಟಿಗೆ ಬಿಡುತ್ತಾರೆ. ಆ ಕ್ಷಣಕ್ಕೆ ಸರಿಯಾಗಿ ದೀಪಗಳೆಲ್ಲ ಜನರ ಮೇಲೆ ತಿರುಗುತ್ತವೆ. ಕೈಗಳು ಮೇಲೇಳುತ್ತವೆ. ಈ ಕುಶಲತೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡಿದ್ದು ಕಾಣುತ್ತದೆ. ನಾಟಕದ ವಿಮರ್ಶಕನಾಗಿದ್ದರೆ ಇಲ್ಲಿಗೆ ಒಳ್ಳೆಯ ಅಂಕ ಕೊಟ್ಟು ಏಳುತ್ತಿದ್ದೆ.

ಆದರೆ ಆ ವಾದ್ಯದವರ ಕಿವಿಯಲ್ಲಿ ಒಂದು ಪುಟ್ಟ ಯಂತ್ರ ಇರುತ್ತದೆ. ಅದರೊಳಗೆ ಟಕ್ ಟಕ್ ಎಂದು ತಾಳದ ಸದ್ದು, ಕ್ಲಿಕ್ ಟ್ರ್ಯಾಕ್ ಅನ್ನುತ್ತಾರೆ. ಮುಂದಿನ ಚರಣ ಯಾವುದು ಎಂದು ಹೇಳಿಕೊಡುವ ದನಿಯೂ ಅದರಲ್ಲೇ ಬರುತ್ತದೆ. ಹಿಂದೆ ಧ್ವನಿಮುದ್ರಿಸಿಟ್ಟ ಪಿಟೀಲು, ಗಾಯನವೃಂದ ಎಲ್ಲ ಅದೇ ತಾಳಕ್ಕೆ ಹೊಂದಿಕೊಂಡು ಹರಿಯುತ್ತದೆ. ಇದರ ಪರಿಣಾಮ ಸಣ್ಣದಲ್ಲ. ಎದುರಿಗಿರುವ ಐದು ಸಾವಿರ ಜನ ಸೇರಿ ಹಾಡನ್ನು ಒಂದು ಮಾತ್ರೆಯಷ್ಟು ನಿಧಾನ ಮಾಡಲಾರರು. ಒಂದು ಸಾಲು ಎದೆಗೆ ತಾಕಿ ಅದನ್ನು ಇನ್ನೊಮ್ಮೆ ಹಾಡಬೇಕು ಅನ್ನಿಸಿದರೂ ಯಂತ್ರ ಮುಂದಿನ ಚರಣಕ್ಕೆ ಹೋಗಿಬಿಟ್ಟಿರುತ್ತದೆ. ಸಭೆ ಎಳೆದರೆ ಎಳೆದಂತೆ, ತಡೆದರೆ ತಡೆದಂತೆ ಹೋಗುವುದು ಸಭಾಗಾಯನದ ಹುಟ್ಟುಗುಣ. ಹಳೆಯ ಹಾರ್ಮೋನಿಯಂ ಮೇಷ್ಟರು ಇದಕ್ಕೆ ಬೈಯುತ್ತಿದ್ದರು, ಬೈದು ಕಾಯುತ್ತಿದ್ದರು. ಇಲ್ಲಿ ಕಾಯುವವರೇ ಇಲ್ಲ. ಸದ್ದಿನ ಮಟ್ಟವಂತೂ ನನ್ನ ದನಿ ನನ್ನ ಕಿವಿಗೇ ಬೀಳದಷ್ಟು. ಪಕ್ಕದ ಅಜ್ಜಿ ಬಾಯಿ ಆಡಿಸುತ್ತಿದ್ದರು. ಅವರು ಹಾಡುತ್ತಿದ್ದರೋ, ಬೇರೇನೋ ಬೇಡುತ್ತಿದ್ದರೋ ನನಗೆ ತಿಳಿಯಲಿಲ್ಲ.

ನೇಪಾಳದಿಂದ ಬಂದ ಕಿವಿಗೆ ಇದು ಹೆಚ್ಚು ಚುಚ್ಚಿತು ಎಂಬುದು ನಿಜ. ಅಲ್ಲಿ ಆರಾಧನೆ ಶನಿವಾರ, ವಾರದ ರಜೆ ಅಂದೇ ಆದ್ದರಿಂದ. ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂಡುವುದು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ವಾದ್ಯ ಎಂದರೆ ಮಾದಲ್ ಎಂಬ ಎರಡು ಮುಖದ ಚರ್ಮವಾದ್ಯ, ಬಹಳವಾದರೆ ಒಂದು ಗಿಟಾರ್. ಹಾಡುಗಳು ಅವರ ಬೆಟ್ಟದ ಧಾಟಿಯ ಭಜನೆಗಳು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರೂ ತಮ್ಮ ತಮ್ಮ ಮಾತಿನಲ್ಲಿ, ಗಟ್ಟಿಯಾಗಿ. ಮೊದಲ ವಾರ ನನಗೆ ತಲೆನೋವು ಬಂದಿತ್ತು. ಆಮೇಲೆ ಆ ಗದ್ದಲದೊಳಗೆ ಯಾರ ಮಗನಿಗೆ ಮಲೇಷ್ಯಾದಲ್ಲಿ ಕೆಲಸ ಹೋಯಿತು, ಯಾರ ಎಮ್ಮೆ ಕರು ಹಾಕಲಿಲ್ಲ ಎಂದು ಬಿಡಿಸಿ ಕೇಳುವುದನ್ನು ಕಲಿತೆ. 1990ಕ್ಕೆ ಮುಂಚೆ ಮತ ಬದಲಿಸಿದ್ದಕ್ಕೆ ಜೈಲು ಕಂಡ ಹಿರಿಯರಿರುವ ಸಭೆಗಳು ಅವು. 2015ರ ಸಂವಿಧಾನದಲ್ಲೂ ಮತಾಂತರಕ್ಕೆ ನಿಷೇಧ ಇದೆ. ಹಾಗಿದ್ದೂ ಅಲ್ಲಿಯ ಸಭೆ ತನ್ನ ದನಿಯನ್ನು ತಾನೇ ಕಟ್ಟಿಕೊಂಡಿದೆ. ಅಲ್ಲಿ ಕಲಿಸಲು ಹೋದವರಿಗೆ ಕಲಿಸಲು ಉಳಿದದ್ದು ಕಡಿಮೆ.

ಬೆಂಗಳೂರಿನ ಆ ಮೂರು ದಿನದಲ್ಲಿ ಕೇಳಿದ ಹಾಡುಗಳ ಜಾತಕ ಹುಡುಕಿದರೆ ಎಲ್ಲಿಗೆ ಹೋಗುತ್ತೇವೆ? ಸಿಡ್ನಿ, ಅಟ್ಲಾಂಟಾ, ಕ್ಯಾಲಿಫೋರ್ನಿಯಾ, ನಾರ್ತ್ ಕೆರೊಲಿನಾ. 2010ರಿಂದ 2020ರವರೆಗೆ ಅಮೆರಿಕದ ಸಭೆಗಳಲ್ಲಿ ಅತಿ ಹೆಚ್ಚು ಹಾಡಿದ ಗೀತೆಗಳ ಪಟ್ಟಿಯನ್ನು ಅಲ್ಲಿಯ ಸಂಶೋಧಕರು ಜಾಲಾಡಿದಾಗ, 38ರಲ್ಲಿ 36 ಹಾಡುಗಳಿಗೆ ನಾಲ್ಕೇ ನಾಲ್ಕು ದೊಡ್ಡ ಸಭೆಗಳ ನಂಟು ಸಿಕ್ಕಿತು: ಹಿಲ್‌ಸಾಂಗ್, ಬೆಥೆಲ್, ಪ್ಯಾಶನ್, ಎಲಿವೇಷನ್. ಪ್ಯಾಶನ್ ಹುಟ್ಟಿದ್ದೇ 1997ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಕಾಲೇಜು ಹುಡುಗರ ಸಮ್ಮೇಳನವಾಗಿ. ಸಮ್ಮೇಳನ ಹಾಡು ಹುಟ್ಟಿಸುತ್ತದೆ, ಹಾಡು ಮುಂದಿನ ಸಮ್ಮೇಳನಕ್ಕೆ ಜನ ತರುತ್ತದೆ. ಕನ್ನಡಕ್ಕೆ ಬರುವಾಗ ಧಾಟಿ ಹಾಗೇ ಇಟ್ಟು ಮಾತು ತುರುಕುತ್ತಾರೆ. ದೀರ್ಘ ಇರಬೇಕಾದ ಕಡೆ ಹ್ರಸ್ವ, ಪದದ ನಡುವೆ ಉಸಿರು. ಹಾಡಿದವರಿಗೂ ಅರ್ಥಕ್ಕಿಂತ ಏರಿಳಿತವೇ ನೆನಪಿರುತ್ತದೆ.

ಹೊರಗಿನವರು ಕನ್ನಡದಲ್ಲಿ ಹಾಡು ಕಟ್ಟಿದ್ದು ಇದೇ ಮೊದಲೇನೂ ಅಲ್ಲ. ಮೊಳಕಾಲ್ಮುರಿಗೆ ಮಗ್ಗುಲಲ್ಲಿರುವ ಬಳ್ಳಾರಿಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದದ್ದು 1810ರಲ್ಲಿ. ಕನ್ನಡ ಬೈಬಲ್ ಕೆಲಸ ನಡೆದದ್ದು ಅಲ್ಲಿ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ನಿಘಂಟು ಮುಗಿಸುವುದಕ್ಕೆ ಮೂವತ್ತು ವರ್ಷ ಮೊದಲೇ, 1862ರಲ್ಲಿ, ಯೇಸುವಿನ ಬದುಕನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಹಾಡಿಕೊಳ್ಳುವಂತೆ ‘ಕಥಾಮಾಲೆ’ ಬರೆದ. ಜರ್ಮನಿಯಿಂದ ಬಂದವನಿಗೆ ಕನ್ನಡ ಛಂದಸ್ಸು ಬೇಕಾಗಿತ್ತು, ಬೆಂಗಳೂರಿನ ಹುಡುಗರಿಗೆ ಬೇಡವಾಗಿದೆ. ನಮ್ಮ ಗಡಿಯಲ್ಲಿ ಇನ್ನೊಂದು ಸಂಪತ್ತೂ ಇತ್ತು. ರಾಯದುರ್ಗ, ಕಲ್ಯಾಣದುರ್ಗದ ಕಡೆಯ ತೆಲುಗು ಸಭೆಗಳಲ್ಲಿ ಹತ್ತೊಂಬತ್ತನೇ ಶತಮಾನದ ಪುರುಷೋತ್ತಮ ಚೌಧರಿಯವರಂಥವರು ರಾಗ ತಾಳ ಕೂಡಿಸಿ ಕಟ್ಟಿದ ಕೀರ್ತನೆಗಳಿದ್ದವು. ನಮ್ಮ ಹಿರಿಯರು ತೆಲುಗು ಕನ್ನಡ ಎರಡರಲ್ಲೂ ಹಾಡುತ್ತಿದ್ದರು. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡು ನೆನಪಿನಲ್ಲೇ ಇಟ್ಟುಕೊಂಡು ಬದುಕಿದವರು. ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಬಂದು ಕೂತು ಅವನ್ನು ಸಂಗ್ರಹಿಸಿದರು. ಒಬ್ಬರು ಮುಂದೆ ಹೇಳುವುದು, ಉಳಿದವರು ಸೊಲ್ಲು ಹಿಡಿಯುವುದು, ಮಧ್ಯೆ ಯಾರೋ ತಮ್ಮದೊಂದು ಸಾಲು ಸೇರಿಸುವುದು, ಈ ಪದ್ಧತಿಗೆ ಮೈಕು ಬೇಕಿಲ್ಲ. ಆ ಹಟ್ಟಿಯಿಂದ ಒಂದು ಗಾವುದ ದೂರದಲ್ಲಿ ಕೂತ ನಮ್ಮ ಸಭೆಗಳಿಗೆ ಅದರಿಂದ ಒಂದು ಧಾಟಿಯೂ ಬರಲಿಲ್ಲ. ಅದು ಅನ್ಯದೇವರ ಹಾಡು ಎಂದು ಹೆದರಿದೆವು. ಸಿಡ್ನಿಯ ರಾಕ್ ಸಂಗೀತಕ್ಕೆ ಈ ಹೆದರಿಕೆ ಇರಲಿಲ್ಲ ಎಂಬುದು ವಿಚಿತ್ರ.

ಸಮ್ಮೇಳನದಲ್ಲಿ ನನಗೆ ಮೆಚ್ಚಿಕೆಯಾದ ಒಂದು ಕಲೆ ಇತ್ತು, ಅದು ಅನುವಾದಕರದು. ಹೊರದೇಶದ ಬೋಧಕರು ಅರ್ಧ ವಾಕ್ಯಕ್ಕೆ ನಿಲ್ಲುತ್ತಾರೆ, ಕ್ರಿಯಾಪದ ಇನ್ನೂ ಬಂದಿರುವುದಿಲ್ಲ, ಕನ್ನಡದಲ್ಲಿ ಕ್ರಿಯಾಪದ ಇಲ್ಲದೆ ವಾಕ್ಯ ಕೂರುವುದಿಲ್ಲ. ಆ ಮನುಷ್ಯ ಹೇಗೋ ಸಂಭಾಳಿಸಿ, ಬೋಧಕರ ಬೇಸ್‌ಬಾಲಿನ ನಗೆಮಾತನ್ನು ಕ್ರಿಕೆಟ್ಟಿಗೆ ತಿರುಗಿಸಿ, ಅವರಿಗಿಂತ ಒಂದು ಕ್ಷಣ ಮೊದಲೇ ನಗಿಸಿಬಿಟ್ಟರು. ಇಡೀ ಕಾರ್ಯಕ್ರಮದಲ್ಲಿ ಎದುರಿಗಿದ್ದ ಜನರ ಮುಖ ನೋಡಿ ಮಾತಾಡಿದವರು ಅವರೊಬ್ಬರೇ. ಅವರ ಹೆಸರು ಕರಪತ್ರದಲ್ಲಿ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಸಾಕ್ಷಿಯ ಅವಧಿ. ದೂರದ ಸೇವೆಯಿಂದ ಬಂದವರನ್ನು ವೇದಿಕೆಗೆ ಕರೆದು ಅನುಭವ ಹೇಳಿಸುವುದು ಇಂಥ ಕೂಟಗಳ ವಾಡಿಕೆ. ಮೂರು ನಿಮಿಷ. ಹೇಳುವವರ ಹಿಂದೆ ಕೀಬೋರ್ಡಿನ ಎಳೆದ ಸ್ವರ ಸಣ್ಣಗೆ ಹರಿಯುತ್ತಿರುತ್ತದೆ. ಆ ಸ್ವರ ಕೇಳುವವರಿಗೆ ಏನು ಅನ್ನಿಸಬೇಕು ಎಂಬುದನ್ನು ಹೇಳುವವರು ಬಾಯಿ ತೆರೆಯುವ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಆ ಸ್ವರದ ಮೇಲೆ ‘ಅಲ್ಲಿ ನನಗೆ ಏನೂ ತಿಳಿಯಲಿಲ್ಲ’ ಎಂದು ಹೇಳಲಾಗುವುದಿಲ್ಲ. ‘ನಾವು ಕಟ್ಟಿಸಿದ ಹಾಸ್ಟೆಲ್ಲು ಆ ಊರಿಗೆ ಬೇಕಿರಲಿಲ್ಲ’ ಎಂದು ಹೇಳಲಾಗುವುದಿಲ್ಲ. ಯಾವ ಮಾತು ಆಡಿದರೂ ಕೊನೆಗೆ ಅದು ಜಯದ ಮಾತಾಗಿಯೇ ಕೇಳುತ್ತದೆ. ಒಬ್ಬ ಯುವತಿ ಒಡಿಶಾದ ಹಳ್ಳಿಯೊಂದರಲ್ಲಿ ತನಗಾದ ಒಂಟಿತನ ಹೇಳಲು ಹೊರಟಳು. ಸ್ವರ ಏರಿತು, ಚಪ್ಪಾಳೆ ಬಂತು, ಅವಳು ಅರ್ಧಕ್ಕೆ ನಿಲ್ಲಿಸಿ ಸ್ತೋತ್ರ ಎಂದು ಇಳಿದಳು.

ಬೈಬಲಿನಲ್ಲಿ ಮೊದಲ ಮಿಷನರಿ ವರದಿ ಅಪೊಸ್ತಲರ ಕೃತ್ಯಗಳ ಹದಿನಾಲ್ಕನೇ ಅಧ್ಯಾಯದ ಕೊನೆಯಲ್ಲಿದೆ. ಪೌಲ ಬಾರ್ನಬರು ತಮ್ಮನ್ನು ಕಳಿಸಿದ ಅಂತಿಯೋಕ್ಯಕ್ಕೆ ಮರಳಿ, ಸಭೆ ಸೇರಿಸಿ, ನಡೆದದ್ದನ್ನೆಲ್ಲ ಹೇಳಿ, ಶಿಷ್ಯರ ಜತೆ ಬಹುಕಾಲ ಅಲ್ಲೇ ಉಳಿದರು. ಮುಂದಿನ ಅಧ್ಯಾಯ ತೆರೆದರೆ ಜಗಳ. ಹೊರಗಿನ ಜನಾಂಗದವರು ನಮ್ಮ ಪದ್ಧತಿಗೆ ಬರಬೇಕೋ ಬೇಡವೋ ಎಂಬ ವಾಗ್ವಾದ ಯೆರೂಸಲೇಮಿನವರೆಗೂ ಹೋಗಿ, ಕೊನೆಗೆ ತಿದ್ದಿಕೊಂಡದ್ದು ಅಲ್ಲಿಯ ಸಭೆ. ಸೇವೆಯಿಂದ ಬಂದವರ ಮಾತಿಗೆ ಮನೆಯ ಪದ್ಧತಿಯನ್ನು ಅಲುಗಾಡಿಸುವ ಶಕ್ತಿ ಇತ್ತು. ಚರ್ಚೆಗೆ ಹೊತ್ತೂ ಇತ್ತು. 1886ರ ಬೇಸಿಗೆಯಲ್ಲಿ ಅಮೆರಿಕದ ಮೌಂಟ್ ಹರ್ಮನ್‌ನಲ್ಲಿ ವಿದ್ಯಾರ್ಥಿಗಳ ಸಮ್ಮೇಳನ ನಡೆದು, ನೂರು ಹುಡುಗರು ಹೊರದೇಶದ ಸೇವೆಗೆ ಹೆಸರು ಕೊಟ್ಟು, ಅದರಿಂದ ದೊಡ್ಡದೊಂದು ಚಳವಳಿಯೇ ಎದ್ದಿತು. ಆ ಸಮ್ಮೇಳನ ಸುಮಾರು ನಾಲ್ಕು ವಾರದ್ದು. ಈಗಿನವು ವಾರಾಂತ್ಯಕ್ಕೆ ಮುಗಿಯಬೇಕು, ಸಭಾಂಗಣದ ಬಾಡಿಗೆ ಹಾಗಿದೆ.

ಸಾಕ್ಷಿ ಹೇಳುವುದು ಹೇಗೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲೊಂದು ಮಾದರಿ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಬಿ. ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಸಂದೇಶ ಅದು. ಚಕ್ರವರ್ತಿ ಅಲ್ಲಿ ಹೇಳಿಕೊಳ್ಳುವುದು ಏನು? ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಅದರಲ್ಲಿ ಒಂದು ವರ್ಷ ಹೆಚ್ಚಿನ ಶ್ರಮವನ್ನೇ ಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎಂದು. ಸಡಿಲ ಬಿಟ್ಟ ಆ ಒಂದು ವರ್ಷವನ್ನು ಪಾಟಲಿಪುತ್ರದಿಂದ ಇಷ್ಟು ದೂರದ ಬಂಡೆಯ ಮೇಲೂ ಕೊರೆಸಿದ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಇದು ಸಾಧ್ಯ ಎಂದೂ ಸೇರಿಸಿದ. ಬ್ರಾಹ್ಮಿಯಲ್ಲಿ ಬರೆದ ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಅವನೂ ದೂರದ ಊರಿನಿಂದ ಕೆಲಸಕ್ಕೆ ಬಂದವನೇ ಇರಬೇಕು. ನಾನು ಕೇಳಿದ ಸಮ್ಮೇಳನದ ಸಾಕ್ಷಿಗಳಲ್ಲಿ ಅಶೋಕನ ಆ ಒಂದು ವರ್ಷ ಎಲ್ಲೂ ಬರಲಿಲ್ಲ.

ಎರಡನೇ ದಿನ ಎಲ್‌ಇಡಿಯ ಮೇಲೆ ಭಾರತದ ಭೂಪಟ ಬಂತು. ಸುವಾರ್ತೆ ಮುಟ್ಟಿದ ಕಡೆ ಬೆಳಕು, ಮುಟ್ಟದ ಕಡೆ ಕೆಂಪು. 1990ರ ಸುಮಾರಿಗೆ ಲೂಯಿಸ್ ಬುಷ್ ಎಂಬುವರು ಭೂಮಧ್ಯರೇಖೆಯ ಉತ್ತರಕ್ಕೆ ಹತ್ತರಿಂದ ನಲವತ್ತು ಡಿಗ್ರಿ ನಡುವಿನ ದೇಶಗಳಿಗೆ ‘10/40 ಕಿಟಕಿ’ ಎಂದು ಹೆಸರಿಟ್ಟ ಮೇಲೆ ಇಂಥ ನಕ್ಷೆಗಳು ಹೆಚ್ಚಾದವು. ಜೋಶುವಾ ಪ್ರಾಜೆಕ್ಟ್‌ನಂಥ ಪಟ್ಟಿಗಳು ನಮ್ಮ ಜಾತಿಗಳನ್ನೇ ಒಂದೊಂದು ಪ್ರತ್ಯೇಕ ಜನಾಂಗವಾಗಿ ಎಣಿಸಿ ಪಕ್ಕದಲ್ಲಿ ಶೇಕಡಾವಾರು ಬರೆಯುತ್ತವೆ. ನಾನು ಹೋಗುವ ಮೊದಲು ನೇಪಾಳವನ್ನೂ ಇಂಥದೇ ಕೆಂಪಿನಲ್ಲಿ ತೋರಿಸಿದ್ದರು. ಈಗ ನಮ್ಮ ಜಿಲ್ಲೆಯ ಮೇಲೆ ಕೆಂಪು. ಅಜ್ಜಿ ಚಪ್ಪಾಳೆ ತಟ್ಟುತ್ತಿದ್ದರು, ಅದು ತಮ್ಮೂರು ಎಂದು ಗೊತ್ತಾಗದೆ. ಮ್ಯಾಸಬೇಡರ ಹಟ್ಟಿಗಳಾಗಲಿ, ಕಾಡುಗೊಲ್ಲರ ಕ್ಯಾತೇದೇವರ ಜಾತ್ರೆಯಾಗಲಿ, ತಿಪ್ಪೇರುದ್ರಸ್ವಾಮಿ ಕಟ್ಟಿಸಿದರೆಂದು ಜನ ಇವತ್ತಿಗೂ ಹೇಳುವ ಕೆರೆಗಳಾಗಲಿ ಆ ಕೆಂಪಿನೊಳಗೆ ಕಾಣುವುದಿಲ್ಲ. ಹಾಗೆ ನೋಡಿದ ಊರಿಗೆ ಸೇವೆಗೆ ಹೋಗುವವನು ಕೇಳಿಸಿಕೊಳ್ಳಲು ಹೋಗುವುದಿಲ್ಲ, ತುಂಬಲು ಹೋಗುತ್ತಾನೆ.

ದೊಡ್ಡದಾದರೆ ಹೀಗೇ ಆಗಬೇಕು ಎಂದೇನಿಲ್ಲ. ಪಂಜಾಬಿನ ಸಿಖ್ ಮನೆತನದ ಭಕ್ತ ಸಿಂಗ್ ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದಲು ಹೋಗಿ, ಕೆನಡಾದಲ್ಲಿ ಕ್ರೈಸ್ತರಾಗಿ, 1933ರಲ್ಲಿ ಬೊಂಬಾಯಿಗೆ ಮರಳಿದರು. ಹೊರದೇಶದ ಸಭೆಗಳನ್ನು ಒಳಗಿನಿಂದ ನೋಡಿ ಬಂದವರು. ಬಂದವರು ಅಲ್ಲಿಯ ಅಚ್ಚನ್ನು ತರಲಿಲ್ಲ. 1941ರಲ್ಲಿ ಮದರಾಸಿನಲ್ಲಿ, ಆಮೇಲೆ ಹೈದರಾಬಾದಿನ ಹೆಬ್ರೋನಿನಲ್ಲಿ, ಯಾಜಕಕಾಂಡದ ಹಬ್ಬಗಳನ್ನು ನೆನೆದು ‘ಹೋಲಿ ಕಾನ್ವೊಕೇಷನ್’ ನಡೆಸಿದರು. ಚಪ್ಪರ, ಚಾಪೆ, ಸಾವಿರಾರು ಜನರಿಗೆ ನೆಲದ ಮೇಲೆ ಪಂಕ್ತಿ ಊಟ. ನೋಂದಣಿ ಶುಲ್ಕ ಇಲ್ಲ, ಹಣಕ್ಕೆ ಮನವಿ ಇಲ್ಲ. ತೆಲುಗು, ತಮಿಳು ಹಾಡುಗಳು ಗಂಟೆಗಟ್ಟಲೆ. ಆರಾಧನೆಯ ಹೊತ್ತಿಗೆ ವಿಶ್ವಾಸಿಗಳು ಕೂತಲ್ಲಿಂದಲೇ ಎದ್ದು ಸ್ತೋತ್ರ ಹೇಳುತ್ತಿದ್ದರು. 2000ದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಹೈದರಾಬಾದಿನ ಬೀದಿಗಳಲ್ಲಿ ಸೇರಿದ ಜನ ನೋಡಿದವರು ಅದರ ಆಳವನ್ನು ಊಹಿಸಬಹುದು. ಕೇರಳದ ಮಾರಾಮಣ್‌ನಲ್ಲಿ 1895ರಿಂದ ಪಂಪಾ ನದಿಯ ಮರಳಿನ ಮೇಲೆ ನಡೆದು ಬಂದಿರುವ ಸಮಾವೇಶಕ್ಕೂ ಓಲೆಗರಿಯ ಚಪ್ಪರವೇ. ಅದೂ ದೋಷಮುಕ್ತ ಅಲ್ಲ. ರಾತ್ರಿ ಕೂಟಕ್ಕೆ ಹೆಂಗಸರನ್ನು ಬಿಡದ ರೂಢಿಯ ಬಗ್ಗೆ ಕೆಲವು ವರ್ಷದ ಹಿಂದೆ ದೊಡ್ಡ ತಕರಾರೇ ಆಯಿತು. ಭಕ್ತ ಸಿಂಗರ ಸಭೆಗಳಲ್ಲೂ ಅವರವರ ಬಿಗಿ ಇತ್ತು. ಆದರೂ ಬಂದವನು ಅಲ್ಲಿ ಪ್ರೇಕ್ಷಕ ಆಗಿರಲಿಲ್ಲ. ನೀರು ಸೇದಬೇಕು, ಎಲೆ ಹಾಕಬೇಕು, ಹಾಡಬೇಕು.

ಈ ವಿಷಯದಲ್ಲಿ ನಮ್ಮ ನೆರೆಯ ಜಾತ್ರೆಗಳು ಸಮ್ಮೇಳನಕ್ಕಿಂತ ಬುದ್ಧಿವಂತ. ನಾಯಕನಹಟ್ಟಿಯ ತೇರಿಗೆ ಹೋದವನು ಕೊಬ್ಬರಿ ಸುಡುತ್ತಾನೆ, ಗೌರಸಮುದ್ರದ ಮಾರಮ್ಮನಿಗೆ ಹೋದವನು ಈರುಳ್ಳಿ ತೂರುತ್ತಾನೆ. ಪ್ರತಿಯೊಬ್ಬನ ಕೈಗೂ ಒಂದು ಕೆಲಸ, ಪ್ರತಿ ಹರಕೆಗೂ ಒಂದು ಹೆಸರು. ಅಲ್ಲಿ ಎಲ್ಲ ಚಂದ ಎಂದು ಹೇಳುತ್ತಿಲ್ಲ. ನಾಯಕನಹಟ್ಟಿಯ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತದೆ, ಯಾವ ಜಾತ್ರೆಯಲ್ಲಿ ಯಾರು ಎಷ್ಟು ಹತ್ತಿರ ಬರಬಹುದು ಎಂಬುದಕ್ಕೆ ಜಾತಿಯ ಗೆರೆಗಳಿವೆ, ನಮ್ಮ ಎಷ್ಟೋ ಮನೆಗಳವರು ಆ ಗೆರೆಗಳಿಂದ ಬೇಸತ್ತೇ ಈ ಕಡೆ ಬಂದವರು. ಆದರೆ ಹರಾಜು ನಮ್ಮಲ್ಲೂ ಇದೆ, ಬಾವುಟ ಬೇರೆ ಅಷ್ಟೇ. ಸಮ್ಮೇಳನದಲ್ಲಿ ಮುಂದಿನ ಸಾಲಿನ ಕುರ್ಚಿಗೆ ಹೆಚ್ಚಿನ ಪಾಸು ಇತ್ತು. ಕಾಣಿಕೆಯ ಹೊತ್ತಿಗೆ ಕ್ಯೂಆರ್ ಕೋಡ್ ಭೂಪಟಕ್ಕಿಂತ ದೊಡ್ಡದಾಗಿ ಬಂತು. ಮಿಜೋರಾಂನ ಹೆಂಗಸರು ಅಡುಗೆಗೆ ಅಳೆಯುವಾಗಲೆಲ್ಲ ಒಂದು ಹಿಡಿ ಅಕ್ಕಿ ಎತ್ತಿಟ್ಟು ತಮ್ಮ ಸಭೆಯ ಮಿಷನ್ ನಡೆಸಿಕೊಂಡು ಬಂದಿದ್ದಾರೆ. ಅಂಥ ಕಾಣಿಕೆಯನ್ನು ಪರದೆಯ ಮೇಲೆ ಹಾಕಲು ಬರುವುದಿಲ್ಲ.

ಊರಿಗೆ ಬಂದ ಮೇಲೆ ಸಮ್ಮೇಳನ ನಮ್ಮ ಜತೆಯೇ ಬಂದಿತ್ತು. ನಮ್ಮ ಸಭೆಯ ಹುಡುಗರು ಚಂದಾ ಎತ್ತಿ ರಿದಮ್ ಪ್ಯಾಡ್, ಮಿಕ್ಸರ್, ಎರಡು ದೊಡ್ಡ ಸ್ಪೀಕರ್ ತಂದರು. ಇಪ್ಪತ್ತೈದು ಜನ ಕೂರುವ ಕೋಣೆ ಅದು. ಅಲ್ಲಿ ಹಾಡಿದರೆ ಎಲ್ಲರ ದನಿ ಎಲ್ಲರಿಗೂ ಕೇಳುತ್ತಿತ್ತು, ಯಾರು ಅಪಸ್ವರ ಎಂಬುದೂ ಸೇರಿ. ಈಗ ಇಬ್ಬರ ದನಿ ಬೀದಿಗೆ ಕೇಳುತ್ತದೆ. ಪಕ್ಕದ ಮನೆಯವರು ಮೊದಲು ದೂರಿದ್ದು ಧರ್ಮದ ವಿಷಯಕ್ಕಲ್ಲ, ಮಗುವಿನ ನಿದ್ದೆಯ ವಿಷಯಕ್ಕೆ. ಆಮೇಲೆ ಅದು ಧರ್ಮದ ವಿಷಯ ಆಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ನಾನು ಇದನ್ನೆಲ್ಲ ಹೇಳಿದಾಗ ಪ್ಯಾಡ್ ಬಾರಿಸುವ ಹುಡುಗ ಸುಮ್ಮನಿರಲಿಲ್ಲ. ‘ನಿಮ್ಮ ಹಾರ್ಮೋನಿಯಂ ಏನು ಮೊಳಕಾಲ್ಮುರಿನಲ್ಲಿ ಹುಟ್ಟಿತ್ತಾ? ಅದೂ ದೊರೆಗಳ ಕಾಲದ್ದೇ’ ಎಂದ. ಸರಿಯಾದ ಮಾತು. ಅದು ಫ್ರಾನ್ಸಿನಲ್ಲಿ ಹುಟ್ಟಿ, ಮಿಷನರಿಗಳ ಜತೆ ಹಡಗು ಹತ್ತಿ ಬಂದದ್ದು. ‘ನೇಪಾಳದವರ ಮಾದಲ್ ಹೊಗಳ್ತೀರಿ, ನಾನು ಪ್ಯಾಡಿನಲ್ಲಿ ಉರುಮೆ ಸದ್ದು ಹಾಕಿ ಬಾರಿಸಿದರೆ ಅದು ದೇವರ ಮನೆಗೆ ಬರಬಾರದು ಅಂತ ಹಿರಿಯರೇ ಬೈದ್ರು’ ಎಂದೂ ಸೇರಿಸಿದ. ಇದು ನನಗೆ ಗೊತ್ತಿರಲಿಲ್ಲ. ಉರುಮೆ ಬಾರಿಸಿದವರ ಮೊಮ್ಮಗ ಅವನು. ಅವನ ಅಜ್ಜನ ವಾದ್ಯ ಸಭೆಯ ಒಳಗೆ ಬರಲು ಸಿಡ್ನಿಯ ಸಾಲು ದಾಟಿಕೊಂಡು, ಯಂತ್ರದ ಗುಂಡಿಯೊಳಗೆ ಅಡಗಿ ಬರಬೇಕಾಯಿತು, ಬಂದ ಮೇಲೂ ಬೈಗುಳ ತಿಂದಿತು. ಬೈದವರು ಸಮ್ಮೇಳನದವರಲ್ಲ, ನಾವು.

ಸಭೆಯ ಹಿರಿಯರ ಕೂಟದಲ್ಲಿ ಈ ವಿಷಯ ಎರಡು ಸಲ ಬಂತು. ತಿಂಗಳ ಮೊದಲ ಭಾನುವಾರ ಮೈಕು, ಸ್ಪೀಕರ್ ಇಲ್ಲದೆ ಹಾಡುವುದು, ಆ ದಿನ ಹುಡುಗ ನಿಜವಾದ ಉರುಮೆಯನ್ನೇ ತರಬಹುದು ಎಂಬಲ್ಲಿಗೆ ಮಾತು ನಿಂತಿದೆ. ಉರುಮೆಗೆ ಇಬ್ಬರು ಹಿರಿಯರು ಇನ್ನೂ ಒಪ್ಪಿಲ್ಲ. ಬರುವ ವರ್ಷದ ಸಮ್ಮೇಳನಕ್ಕೆ ಬಸ್ಸು ಮಾಡುವುದಕ್ಕೆ ಮಾತ್ರ ಯಾರದೂ ತಕರಾರಿಲ್ಲ, ಅಜ್ಜಿ ಆಗಲೇ ಮುಂಗಡ ಕೊಟ್ಟಿದ್ದಾರೆ.